ಅರ್ಧ ಲೋಟ ನೀರು

ನಮ್ಮ ಕೆಳಗಿನ ಮನೆಗೆ ಬಾಣಂತಿ ಬಂದಿದ್ದಾಳೆ. ಯಾರೂ ಹೇಳಲಿಲ್ಲ, ಬೆಳಿಗ್ಗೆ ಲೋಬಾನ ಮತ್ತು ಅಜವಾನದ ಹೊಗೆ ಮೆಟ್ಟಿಲು ಹತ್ತಿ ಬಂದು ಹೇಳಿತು. ದಾವಣಗೆರೆಯ ಈ ಎಸ್.ಎಸ್. ಬಡಾವಣೆಯಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವುದು ಮಾಮೂಲು. ಆದರೆ ಈ ಹೊಗೆಗೆ ನನಗೆ ಸೀನು ಬರಲಿಲ್ಲ, ಬಾಯಿ ಒಣಗಿತು. ಗುಡಿಸುತ್ತಿದ್ದ ಪೊರಕೆಯನ್ನು ಅಲ್ಲೇ ಒರಗಿಸಿ ಒಳಗೆ ಹೋಗಿ ಎರಡು ಲೋಟ ನೀರು ಕುಡಿದೆ. ಏಳು ವರ್ಷದ ಹಿಂದಿನ ಬಾಯಾರಿಕೆ ಅದು.

ನನ್ನ ಬಾಣಂತನ ಹರಿಹರದ ತವರಿನಲ್ಲಿ. ಬಾಣಂತನವೆಂದರೆ ಹೆಣ್ಣಿಗೆ ವಿಶ್ರಾಂತಿ ಎಂದು ಯಾರೋ ಗಂಡಸರು ಹೇಳಿರಬೇಕು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಅವ್ವನ ಹಳೆ ಸೀರೆ ಬಿಗಿದು ನನ್ನನ್ನು ಮಂಚದ ಮೇಲೆ ಕೂರಿಸುತ್ತಿದ್ದರು. ಕೂರುವುದೇ ಕಷ್ಟ, ಹೊಲಿಗೆ ಇನ್ನೂ ಒಣಗಿರಲಿಲ್ಲ. ನಾಟಕದ ರಾಣಿಯ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು ಬೆಳ್ಳುಳ್ಳಿ ತುಪ್ಪ, ಮೆಣಸಿನ ಸಾರು, ಅನ್ನ ಉಣ್ಣುತ್ತಿದ್ದೆ. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನೀರಿನ ಸಂಗತಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮೈಗೆ ನಂಜೇರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ನಮ್ಮವರ ಶಾಸ್ತ್ರ. ಊಟಕ್ಕೆ ಅರ್ಧ ಲೋಟ, ಅದೂ ಅಜವಾನ ಹಾಕಿ ಕುದಿಸಿದ್ದು. ನೀರು ಚೆನ್ನಾಗಿ ಕುಡಿಯಿರಿ ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದನ್ನು ನೆನಪಿಸಿದರೆ ಅವ್ವ, "ಆಯಮ್ಮ ಬಂದು ನಿನ್ನ ಬಾಣಂತನ ಮಾಡ್ತಾಳೇನು?" ಎನ್ನುತ್ತಿದ್ದಳು.

ಇನ್ನು ಮಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕಟ್ಟಿದವರು ನನ್ನನ್ನು ಕೇಳಿರಲಿಲ್ಲ. ಮೊದಲ ತಿಂಗಳು ಅವಳು ನನಗೆ ಮುದ್ದಾಗಿ ಕಾಣಲೇ ಇಲ್ಲ. ಅಪ್ಪ ಗುತ್ತೂರಿನ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಬರುವ ಹೊತ್ತಿಗೆ ಶುರುವಾದ ಅಳು ದೇವರ ದೀಪ ಹಚ್ಚಿದ ಮೇಲೂ ನಿಲ್ಲುತ್ತಿರಲಿಲ್ಲ. ತೊಟ್ಟಿಲಿಗೆ ಹಾಕಿದರೆ ಅಳು, ಎತ್ತಿಕೊಂಡರೆ ಅಳು. ಎದೆಗೆ ಹಚ್ಚಿದರೆ ನಾಲ್ಕು ಸಲ ಎಳೆದು, ಮೋಸ ಹೋದವರ ಹಾಗೆ ಮುಖ ತಿರುಗಿಸಿ ಮತ್ತೆ ಅಳು. ಅವ್ವ ಹೊಟ್ಟೆಗೆ ಇಂಗು ಸವರಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವಾದ್ದರಿಂದ ಇದು ದೃಷ್ಟಿಯೇ ಎಂದು ತೀರ್ಮಾನವಾಯಿತು. ದಾವಣಗೆರೆಯ ಕರೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಭಾನುವಾರ ಬಂದು, ಕೂಸನ್ನು ಐದು ನಿಮಿಷ ಎತ್ತಿಕೊಂಡು, "ಯಾಕ ಅಳ್ತೈತೆ?" ಎಂದು ನನ್ನನ್ನೇ ಕೇಳಿ ದಾವಣಗೆರೆ ಬಸ್ಸು ಹತ್ತುತ್ತಿದ್ದರು.

ಒಂದು ಸಂಜೆ ನಾನು ಅಂದುಬಿಟ್ಟೆ. "ಈ ಕೂಸು ನಂಗೆ ಬ್ಯಾಡವ್ವ. ಯಾರಿಗಾದ್ರೂ ಕೊಟ್ಬಿಡು."

ತೊಟ್ಟಿಲು ತೂಗುತ್ತಿದ್ದ ಅವ್ವನ ಕೈ ನಿಂತಿತು. "ಬಿಡ್ತು ಅನ್ನು" ಎಂದಳು. ಬಿಡ್ತು ಅನ್ನಲೂ ನನ್ನಲ್ಲಿ ತ್ರಾಣವಿರಲಿಲ್ಲ.

ನನಗೆ ಎರೆಯಲು ದಿನಾ ಬೆಳಿಗ್ಗೆ ದುರುಗಮ್ಮ ಬರುತ್ತಿದ್ದಳು. ಓಣಿಯ ಬಾಣಂತಿಯರೆಲ್ಲ ಅವಳ ಕೈ ಕೆಳಗೇ ಎದ್ದವರು. ಹಂಡೆಯ ಸುಡುನೀರನ್ನು ಸೊಂಟಕ್ಕೆ ಅಪ್ಪಳಿಸಿ ಎರೆದರೆ ಜೀವ ಹೋಗಿ ಬಂದ ಹಾಗಾಗುತ್ತಿತ್ತು. ಒಂದು ದಿನ ಅವಳು ಟವೆಲು ತರಲು ಹೋದಾಗ ನಾನು ತಣ್ಣೀರಿನ ಬಕೆಟ್ಟಿಗೆ ಮಗ್ಗು ಅದ್ದಿ ಗಟಗಟನೆ ಕುಡಿದೆ. ಮಗ್ಗಿನ ಅಂಚಿಗೆ ಹರಳೆಣ್ಣೆಯ ಜಿಡ್ಡಿತ್ತು. ಅಷ್ಟು ರುಚಿಯಾದ ನೀರನ್ನು ಆಮೇಲೆ ಕುಡಿದಿಲ್ಲ. ತಿರುಗಿದರೆ ಬಾಗಿಲಲ್ಲಿ ದುರುಗಮ್ಮ.

"ಎಷ್ಟು ದಿನದಿಂದ ನಡೆದೈತೆ ಇದು?"

"ಇವತ್ತೇ" ಎಂದೆ. ಕಳ್ಳನ ಮನಸ್ಸು ಹುಳ್ಳಗೆ, ದನಿ ನನಗೇ ಕೇಳಿಸಲಿಲ್ಲ.

ಮರುದಿನ ಅವಳ ಚೀಲದಿಂದ ಕಾಯಿಸಿ ಆರಿಸಿದ ನೀರಿನ ದೊಡ್ಡ ಬಾಟಲಿ ಹೊರಬಂತು. "ಕುಡಿಯವ್ವ. ಇಷ್ಟು ಮಂದಿಗೆ ಎರೆದೀನಿ, ನೀರು ಕುಡಿದು ಕೆಟ್ಟೋಳನ್ನ ನಾನಂತೂ ನೋಡಿಲ್ಲ" ಎಂದಳು. ಅಂದಿನಿಂದ ದಿನಾ ಒಂದು ಬಾಟಲಿ ನನ್ನ ಸೆರಗಿನಡಿ ಸೇರಿ ಹಾಸಿಗೆಯ ಕೆಳಗೆ ಹೋಗುತ್ತಿತ್ತು. ವಾರ ಕಳೆಯುವುದರೊಳಗೆ ಹಾಲು ತುಂಬಿ ಎದೆ ಭಾರವೆನಿಸತೊಡಗಿತು. ಒಂದು ಸಂಜೆ ಮಗಳು ಕುಡಿಯುತ್ತ ಕುಡಿಯುತ್ತಲೇ ನಿದ್ದೆ ಹೋದಳು. ಬಿಗಿದ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ನಾನು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆವಾಗಲೇ. ದೃಷ್ಟಿ ಇಳಿಯಿತು ಎಂದು ಅವ್ವ ಬೀಗಿದಳು.

ಎರಡು ದಿನಕ್ಕೆ ಕಸ ಗುಡಿಸುವಾಗ ಬಾಟಲಿ ಅವ್ವನ ಕೈಗೆ ಸಿಕ್ಕಿತು. ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಅವಳು ಬಾಟಲಿ ಹಿಡಿದು ನೆಲದ ಮೇಲೇ ಕೂತುಬಿಟ್ಟಳು.

"ನೀನು ಹುಟ್ಟಿದಾಗ ನಾನೂ ಹಿಂಗೇ ಕದ್ದು ಕುಡಿದಿದ್ದೆ. ಎರಡೇ ಲೋಟ. ಆಮ್ಯಾಲೆ ಹಾಲು ಬತ್ತಿ ಹೋತು. ನೀರು ಕುಡಿದಿದ್ದಕ್ಕೇ ಬತ್ತಿತು ಅಂದ್ರು ನಿಮ್ಮಜ್ಜಿ. ನಿನ್ನ ಆಡಿನ ಹಾಲಿನ ಮ್ಯಾಲೆ ಸಾಕಿದೆ."

"ನೀರು ಸಾಲದೇ ಬತ್ತಿತ್ತೇನೋ ಅವ್ವ" ಎಂದೆ. ಮೆತ್ತಗೆ ಹೇಳಬಹುದಿತ್ತು, ದಣಿದವರ ನಾಲಿಗೆಗೆ ಮೆತ್ತಗಿನ ಮಾತು ಬರುವುದಿಲ್ಲ. ಇಪ್ಪತ್ತಾರು ವರ್ಷ ಆ ಎರಡು ಲೋಟದ ಅಪರಾಧ ಹೊತ್ತವಳು ಎದ್ದು ಅಡುಗೆಮನೆಗೆ ಹೋದಳು. ಮಧ್ಯಾಹ್ನದಿಂದ ಮಂಚದ ಪಕ್ಕ ತುಂಬಿದ ಚೊಂಬು ಬಂತು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ನಾನು ಕಾದೆ. ತಾಯಿಯಿಂದ ತಪ್ಪೊಪ್ಪಿಗೆ ಕಾಯುವವಳು ಎಂಥ ಮಗಳು ಎಂದು ನೀವು ಕೇಳಬಹುದು. ಒಂದು ತಿಂಗಳು ಬಾಯಿ ಒಣಗಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಹರಿಹರದಿಂದ ಬಂದ ಅವ್ವ ನಿನ್ನೆಯಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಇವತ್ತು ಸೊಪ್ಪು ಬಿಡಿಸುತ್ತಿದ್ದವಳು ಕೆಳಗಿನ ಕೂಸಿನ ಅಳು ಕೇಳಿ ಕೈ ನಿಲ್ಲಿಸಿದಳು. "ಅದು ಹಸಿದ ಅಳು" ಎಂದು ಮಂಡಿ ಹಿಡಿದುಕೊಂಡು ಎದ್ದು ಕೆಳಗೆ ಹೋದಳು. ನಾನು ಅರ್ಧ ಮೆಟ್ಟಿಲವರೆಗೆ ಹೋಗಿ ನಿಂತೆ.

"ಬಾಣಂತಿಗೆ ನೀರು ಕೊಡ್ತೀರೇನ್ರಿ?" ಅವ್ವನ ದನಿ.

"ಊಟದಾಗ ಒಂಚೂರು ಕೊಡ್ತೀವ್ರಿ, ಅಷ್ಟೇ" ಎಂದರು ಆ ಮನೆಯ ಹಿರಿಯಾಕೆ.

ಅವ್ವ ಅಂದಳು, "ನನ್ನ ಮಗಳಿಗೆ ನಾನೂ ಕೊಟ್ಟಿರಲಿಲ್ರಿ. ಪಾಪ, ಬಚ್ಚಲದಾಗ ಕದ್ದು ಕುಡಿದ್ಲು. ತಪ್ಪು ನಂದೇ. ನೀವು ಹಂಗ ಮಾಡಬ್ಯಾಡ್ರಿ."

ಬಚ್ಚಲಿನ ವಿಷಯ ಅವಳಿಗೆ ಗೊತ್ತಿತ್ತು! ದುರುಗಮ್ಮ ಯಾವಾಗ ಹೇಳಿದಳೋ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನನಗೆ ಹೇಳಬೇಕಾದದ್ದನ್ನು ಹೆಸರೂ ಗೊತ್ತಿಲ್ಲದವರ ಮುಂದೆ ಹೇಳಿದಳಲ್ಲ ಎಂದು ಸಿಟ್ಟು ಬಂತು, ಕಣ್ಣೂ ತುಂಬಿತು. ಅವ್ವ ಒಂದೊಂದೇ ಮೆಟ್ಟಿಲು ಹತ್ತಿ ಬಂದು ನನ್ನನ್ನು ನೋಡಿದಳು.

"ಇಲ್ಯಾಕ ಕುಂತೀಯ?"

"ಸುಸ್ತಾಗೈತೆ ಅವ್ವ."

ಅವಳು ನನ್ನ ಪಕ್ಕದಲ್ಲೇ ಕೂತಳು. "ನಂಗೂ" ಎಂದಳು.