ಕಟ್ಟೆಯಿಂದ ಇಳಿದ ಕೇರಂ ಬೋರ್ಡು

ಅಂಗವಿಕಲರಲ್ಲಿ ಆತ್ಮವಿಶ್ವಾಸ ಬೆಳೆಯಲು ಮನರಂಜನೆ ಬೇಕೆಂದು ಪತ್ರಿಕೆಯೊಂದರಲ್ಲಿ ಓದಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಗ್ರಂಥಾಲಯದಲ್ಲಿ ಕುಳಿತು ಕಲಿತವನು ನಾನು. ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸವಿಲ್ಲ. ಪೋಲಿಯೊ ಬಡಿದ ಕಾಲಿನಲ್ಲೇ ಸಾರಕ್ಕಿಯಲ್ಲಿ ಇಂದಿಗೂ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಭಾನುವಾರ ಸಂಜೆ ಕೇರಂ ಆಡಲು ಹೋಗುವುದು ಆತ್ಮವಿಶ್ವಾಸಕ್ಕಲ್ಲ, ಗೆಲ್ಲುವುದಕ್ಕೆ.

ಜೆ.ಪಿ. ನಗರದ ಪಾರ್ಕಿನಲ್ಲಿ ನಮ್ಮ ಬೋರ್ಡು ಇದ್ದದ್ದು ಮೆಟ್ಟಿಲುಗಳಿರುವ ಕಲ್ಲಿನ ಕಟ್ಟೆಯ ಮೇಲೆ. ಕಂಬ ಹಿಡಿದು ನಾನು ಹೇಗೋ ಹತ್ತುತ್ತಿದ್ದೆ. ಹೋದ ವರ್ಷ, ನನ್ನಲ್ಲಿ ರವಿಕೆ ಹೊಲಿಸುವ ಹೆಣ್ಣುಮಗಳೊಬ್ಬಳು ತನಗೂ ಆಡುವ ಆಸೆಯೆಂದಳು. ಅವಳದು ಬ್ಯಾಂಕಿನ ಕೆಲಸ, ಓಡಾಟ ಗಾಲಿಕುರ್ಚಿಯಲ್ಲಿ. ವಾರವಿಡೀ ಕೌಂಟರಿನಲ್ಲಿ ಕುಳಿತವಳಿಗೆ ಭಾನುವಾರವೂ ಮನೆಯವರು ರೆಸ್ಟ್ ತಗೋ ಎನ್ನುತ್ತಿದ್ದರಂತೆ.

ಬಂದ ದಿನ ನಮ್ಮ ಆಟದ ಗುಂಪಿನವರು ಅವಳಿಗೆ ಕಟ್ಟೆಯ ಕೆಳಗಿಂದಲೇ ಪಾಯಿಂಟ್ ಬರೆಯುವ ಕೆಲಸ ಕೊಟ್ಟರು. ಅವಳು ಒಪ್ಪಲಿಲ್ಲ. ಕುರ್ಚಿಸಮೇತ ಎತ್ತಲು ಬಂದರು.

“ನನ್ನನ್ನ ಎತ್ಬೇಡಿ ಅಂಕಲ್. ಬೋರ್ಡು ನನಗಿಂತ ಹಗುರ, ಅದನ್ನೇ ಇಳಿಸಿ.”

ಅದು ಮೊದಲಿನಿಂದಲೂ ಕಟ್ಟೆಗೇ ಕೂಡಿಸಿದ್ದು, ಅಲುಗಿಸಲಾಗದು ಎಂದರು ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು. ಎಷ್ಟೋ ವರ್ಷಗಳಿಂದ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಬಗ್ಗಿ ನೋಡಿದೆ. ಮೊಳೆಯಿಲ್ಲ, ಸಿಮೆಂಟಿಲ್ಲ, ಮರದ ಸ್ಟ್ಯಾಂಡಿನ ಮೇಲೆ ಬೋರ್ಡು ಸುಮ್ಮನೆ ಕೂತಿತ್ತು.

“ಯಾರ್ ಕೂಡಿಸಿದ್ದು ಮೇಷ್ಟ್ರೇ, ನೀವಾ?”

ಅವರು ನಕ್ಕು ತಾವೇ ಒಂದು ಬದಿ ಹಿಡಿದರು. ಇಳಿಸಿದ ಮೇಲೆ ಸ್ಟ್ಯಾಂಡಿನ ಅಡ್ಡಪಟ್ಟಿ ಗಾಲಿಕುರ್ಚಿಯನ್ನು ತಡೆಯಿತು. ಆ ದಿನ ಆಟವಾಗಲಿಲ್ಲ.

ಮುಂದಿನ ಭಾನುವಾರ ಅಂಗಡಿಯಿಂದ ಎರಡು ಎತ್ತರದ ಸ್ಟೂಲು ತಂದೆ. ಬೋರ್ಡಿನ ಎರಡು ಅಂಚಿಗಷ್ಟೇ ಆನಿಸಿ, ಅವಳ ಮೊಣಕಾಲಿಗೆ ನಡುವೆ ಜಾಗ ಬಿಟ್ಟೆ. ಸ್ಟ್ರೈಕರು ಒಂದೇ ಕಡೆ ಜಾರುತ್ತಿತ್ತು. ಸ್ಟೂಲಿನ ಕಾಲಡಿ ಲೈನಿಂಗ್ ಬಟ್ಟೆಯ ಚೂರು ಮಡಿಸಿಟ್ಟ ಮೇಲೆ ಬೋರ್ಡು ಸಮವಾಯಿತು.

ಮೇಷ್ಟ್ರ ಎದುರು ಆಡುತ್ತ ಅವಳು ಕೆಂಪು ಕಾಯಿ ಬೀಳಿಸಿದಳು. ಬೆನ್ನಿಗೇ ತನ್ನದೊಂದು ಕಾಯಿ ಬೀಳದಿದ್ದರೆ ಕೆಂಪು ನಡುವಿಗೆ ಮರಳಬೇಕು. ಅವಳ ಕಾಯಿ ಪಾಕೆಟ್ಟಿನ ಅಂಚಿನಲ್ಲೇ ನಿಂತುಬಿಟ್ಟಿತು. ಪರವಾಗಿಲ್ಲ, ಬಿದ್ದ ಹಾಗೇ ಲೆಕ್ಕ ಎಂದರು ಮೇಷ್ಟ್ರು.

ಅವಳು ನನ್ನತ್ತ ಕೈ ತೋರಿದಳು. “ಈ ಅಂಕಲ್‌ಗೂ ಹೀಗೇ ಬಿಡ್ತೀರಾ ಸಾರ್?”

ನನಗೆ ಅವರು ಎಂದೂ ಬಿಟ್ಟವರಲ್ಲ. ಅವಳೇ ಕೆಂಪನ್ನು ನಡುವಿಗಿಟ್ಟಳು, ಆ ಆಟ ಸೋತಳು. ಯಾರೋ ಬೋರ್ಡನ್ನು ಮತ್ತೆ ಕಟ್ಟೆಗೇರಿಸಲು ಬಂದಾಗ ಮೇಷ್ಟ್ರು ತಡೆದರು.

“ಎತ್ಬೇಡ್ರಪ್ಪಾ. ಈಯಮ್ಮಂಗೆ ಇನ್ನೊಂದ್ ಗೇಮ್ ಬೇಕಂತೆ.”

ಬೋರ್ಡು ಈಗಲೂ ಕೆಳಗೇ ಇದೆ. ಕಂಬ ಹಿಡಿದು ಹತ್ತುವುದು ನನಗೂ ತಪ್ಪಿದೆ. ಮೇಷ್ಟ್ರಿಗೆ ಮಾತ್ರ ಅವಳ ಮುಂದೆ ಗೆಲುವು ಅಪರೂಪವಾಗುತ್ತಿದೆ.