ಮನೆ ನೋಡಿ ಬಂದು ನಾನು ಹೇಳಿದ ಸುಳ್ಳು

ನಾನು ಸುಳ್ಳು ಹೇಳಿದ್ದೆ. ಬೊರಿವಲಿಯಲ್ಲಿ ಮರೆವಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಆಶ್ರಮದಲ್ಲಿ ಹೆಂಗಸರ ತಲೆ ಬೋಳಿಸುತ್ತಾರೆ ಎಂದು ಮೂರು ವರ್ಷದ ಹಿಂದೆ ಮನೆಮಂದಿಯ ಮುಂದೆ ಹೇಳಿದ್ದೆನಲ್ಲ — ಅದು ಹಸಿ ಸುಳ್ಳು. ಅಲ್ಲಿ ಯಾರ ತಲೆಯನ್ನೂ ಬೋಳಿಸುತ್ತಿರಲಿಲ್ಲ. ನಾನು ಕಣ್ಣಾರೆ ಕಂಡದ್ದು ಎಣ್ಣೆ ಹಚ್ಚಿ ಬಾಚುವುದನ್ನು.

ಇಷ್ಟು ದಿನ ಈ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಈಗ ಅದಕ್ಕೆ ಅಲ್ಲಿ ಜಾಗವಿಲ್ಲ. ಹೋದ ರವಿವಾರದಿಂದ ಹೊಟ್ಟೆ ತುಂಬ ಬರೀ ಸಂತೋಷ. ಎಪ್ಪತ್ತೊಂದು ವರ್ಷದವಳು ನಾನು, ಈಗೀಗ ಮೊಮ್ಮಗಳ ಕೈ ಹಿಡಿಯದೆ ಸ್ಟೇಷನ್ ಮೆಟ್ಟಿಲು ಹತ್ತುವವಳಲ್ಲ — ಅಂಥವಳು ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟಿಗೂ ಕಾಯದೆ ಎರಡು ಮಾಳಿಗೆ ಹತ್ತಿ, ಕಂಡಕಂಡವರ ಬಾಗಿಲು ಬಡಿದು ಸುದ್ದಿ ಹೇಳಿ ಬಂದಿದ್ದೇನೆ. ಆದರೆ ಆ ಸಂತೋಷವನ್ನು ಹೇಳಬೇಕಾದರೆ ಮೊದಲು ಈ ಕೆಟ್ಟದ್ದನ್ನು ಹೇಳಬೇಕು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ತಪ್ಪುಒಪ್ಪು ಇರಬಹುದು. ಇನ್ನೊಬ್ಬರ ಕೈಯಲ್ಲಿ ಬರೆಸುವ ವಿಷಯ ಇದಲ್ಲ.

ನೀಲಕ್ಕ ನನ್ನ ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ನಾವಿಬ್ಬರೂ ವಡಾಲದ ಚಾಳಿನಲ್ಲಿ ಒಂದೇ ಒಲೆಯ ಮುಂದೆ ಸಂಸಾರ ಮಾಡಿದವರು. ಒಲೆ ಒಂದೇ, ಯಜಮಾನಿಯೂ ಒಬ್ಬಳೇ — ಅದು ನಾನಲ್ಲ. ನಲವತ್ತು ವರ್ಷ ನನ್ನ ರೊಟ್ಟಿ ಆಕೆಗೆ ಒಂದು ದಿನವೂ ಸರಿಬರಲಿಲ್ಲ. ಅಂಚು ದಪ್ಪ, ನಡು ಹರಕು, ಸುಟ್ಟದ್ದು ಜಾಸ್ತಿ, ಬೆಂದದ್ದು ಕಡಿಮೆ. ಸೀರೆ ಉಟ್ಟರೆ ನಿರಿಗೆ ಸರಿ ಇಲ್ಲ, ನಕ್ಕರೆ ದನಿ ದೊಡ್ಡದು. ಆಕೆಯ ಬೆನ್ನ ಮೇಲೆ ಸೊಂಟದ ಕೆಳಗೆ ಇಳಿಯುವ ಜಡೆ ಇತ್ತು, ಮುಪ್ಪಿನಲ್ಲಿ ಬೆಳ್ಳಗಾದರೂ ಒಂದು ಎಳೆ ಕಡಿಮೆಯಾಗಿರಲಿಲ್ಲ. ಸಿಟ್ಟು ಬಂದಾಗ ಅದನ್ನು ಮುಂದಕ್ಕೆ ಎಳೆದು ಹಿಂದಕ್ಕೆ ಒಗೆಯುತ್ತಿದ್ದಳು. ಆವಾಗ ಇಡೀ ಚಾಳು ಗಪ್ಪಾಗುತ್ತಿತ್ತು.

ಗಂಡಂದಿರು ಇಬ್ಬರೂ ತೀರಿಕೊಂಡ ಮೇಲೆ ಸಯನ್‌ನ ನನ್ನ ಮಗನ ಮನೆಯಲ್ಲೇ ನಾವಿಬ್ಬರೂ ಉಳಿದೆವು. ಆಕೆಯ ಇಬ್ಬರು ಗಂಡುಮಕ್ಕಳು ಪಕ್ಕದ ಬಿಲ್ಡಿಂಗಿನಲ್ಲಿ, ಮಗಳು ಶಶಿ ಬೊರಿವಲಿಯಲ್ಲಿ. ಆಮೇಲೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ಒಂದು ದಿನ ನನ್ನ ಸೆರಗು ಹಿಡಿದುಕೊಂಡು ನೀಲಕ್ಕ ನನ್ನನ್ನು "ಅವ್ವಾ" ಅಂದಳು.

ಡಾಕ್ಟರರು ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟ ಅಂದಾಗ ಶಶಿ ತನ್ನ ಮನೆಯ ಹತ್ತಿರದ ಆ ಆಶ್ರಮವನ್ನು ಹುಡುಕಿದಳು, ತಾನು ಹೋಗಿ ನೋಡಿ ಬಂದಳು, ಚೆನ್ನಾಗಿದೆ ಅಂದಳು. ಅವಳ ಅಣ್ಣಂದಿರು, ಚಿಗವ್ವ ನೋಡಿ ಬರಲಿ, ಆಮೇಲೆ ಮಾತು ಅಂದರು. ಚಿಗವ್ವ ಅಂದರೆ ನಾನು. ಯಾಕೆಂದರೆ ನಮ್ಮ ಮನೆತನದಲ್ಲಿ ಏಳು ಹೆಣ್ಣುಮಕ್ಕಳಿಗೆ ಗಂಡಿನ ಮನೆ ನೋಡಿ ಬಂದವಳು ನಾನು. ಮನೆ ನೋಡಿ ಬಂದ ಹಿರಿಯರು ಒಮ್ಮೆ ಹೂಂ ಅಥವಾ ಊಹೂಂ ಅಂದರೆ ಮುಗಿಯಿತು. ಅದರ ಮೇಲೆ ಇನ್ನೊಬ್ಬರು ಹೋಗಿ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಮೊಮ್ಮಗಳು ತನ್ವಿ ಮೊಬೈಲಿನಲ್ಲಿ ಹುಡುಕಿ ಒಂದು ಕಾಗದದ ತುಂಬ ಪ್ರಶ್ನೆ ಬರೆದುಕೊಟ್ಟಳು. ಎಷ್ಟು ಜನಕ್ಕೆ ಎಷ್ಟು ನರ್ಸು, ಡಾಕ್ಟರ್ ಯಾವಾಗ ಬರುತ್ತಾರೆ, ಬಚ್ಚಲಲ್ಲಿ ಹಿಡಿಕೆ ಇದೆಯೋ ಇಲ್ಲವೋ. "ಆಯಿ, ಸಬ್ ಪೂಛ್ನಾ, ಭೂಲ್ನಾ ಮತ್" ಅಂದಳು. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ. ತೆಗೆಯಲೇ ಇಲ್ಲ. ಆಶ್ರಮದವರಿಗೆ ಹೇಳದೆ ಕೇಳದೆ ಹೋದೆ. ಗಂಡಿನ ಮನೆಗೂ ನಾನು ಹಾಗೇ ಹೋಗುವವಳು, ಸುದ್ದಿ ಕೊಟ್ಟು ಹೋದರೆ ಎಲ್ಲರ ಅಂಗಳವೂ ಗುಡಿಸಿಯೇ ಇರುತ್ತದೆ.

ಹೋಗಿ ಕೂತವಳೇ ಕುಡಿಯಲು ನೀರು ಕೇಳಿದೆ. ಯಾರು ತರುತ್ತಾರೆ, ಯಾವ ಮುಖ ಹೊತ್ತು ತರುತ್ತಾರೆ, ನೋಡಬೇಕಲ್ಲ. ಸುಷ್ಮಾ ಅಂತ ಒಬ್ಬ ಕೊಂಕಣದ ಹುಡುಗಿ ಲೋಟ ತೊಳೆದು ತಂದಳು, ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತಳು. ಕೈ ತೊಳೆಯುವ ನೆಪ ಮಾಡಿ ಹಿಂದಕ್ಕೆ ಹೋದೆ. ಬಚ್ಚಲು ಒಣಗಿತ್ತು, ವಾಸನೆ ಇರಲಿಲ್ಲ. ಕೊನೆಗೆ ನಮ್ಮ ದೊಡ್ಡ ಪರೀಕ್ಷೆ — ಮನೆಯ ಎಲ್ಲರಿಗಿಂತ ಹಳೆಯ ಮುದುಕಿಯ ಉಗುರು ನೋಡುವುದು. ಅದು ಚೊಕ್ಕ ಇದ್ದರೆ ಆ ಮನೆಯಲ್ಲಿ ನಮ್ಮ ಹುಡುಗಿಯ ಮುಪ್ಪೂ ಚೊಕ್ಕ ಇರುತ್ತದೆ. ಅಲ್ಲೊಬ್ಬ ಗುಜರಾತಿ ಅಜ್ಜಿ ಇದ್ದಳು, ಉಗುರು ಮಕ್ಕಳ ಉಗುರಿನ ಹಾಗೆ ಕತ್ತರಿಸಿದ್ದರು. ಸುಷ್ಮಾ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಅಜ್ಜಿ ಮದುವೆಯಲ್ಲಿ ಕುದುರೆ ಓಡಿಹೋದ ಕಥೆ ಹೇಳುತ್ತಿದ್ದಳು. ನಾನು ಕೂತಷ್ಟು ಹೊತ್ತಿನಲ್ಲಿ ಆ ಕುದುರೆ ನಾಲ್ಕು ಸಲ ಓಡಿಹೋಯಿತು. ನಾಲ್ಕು ಸಲವೂ ಆ ಹುಡುಗಿ ಹೊಸದಾಗಿ ಕೇಳುವವಳ ಹಾಗೆ "ಫಿರ್ ಕ್ಯಾ ಹುಆ, ಬಾ?" — ಮುಂದೇನಾಯಿತು ಅವ್ವಾ — ಅಂದಳು. ಇನ್ನೊಬ್ಬರು ಮುದುಕರು ಆಫೀಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಯಾರೂ ಆಫೀಸು ಇಲ್ಲ ಅನ್ನಲಿಲ್ಲ. ಅಲ್ಲಿಯ ಕೆಲಸದವರೊಬ್ಬರು ಡಬ್ಬಿ ಕೈಗೆ ಕೊಟ್ಟು, ಜೊತೆಗೆ ತೋಟ ಸುತ್ತಿ ಬಂದು, "ಆಜ್ ಜಲ್ದಿ ಛುಟ್ಟೀ ಹೋ ಗಯೀ", ಇವತ್ತು ಆಫೀಸು ಬೇಗ ಬಿಟ್ಟಿತು ಅಂದರು. ಮುದುಕರು ಸಮಾಧಾನದಿಂದ ಚಪ್ಪಲಿ ಬಿಟ್ಟು ಒಳಗೆ ಬಂದರು.

ಏಳು ಮನೆ ನೋಡಿದವಳು ನಾನು. ಇದಕ್ಕಿಂತ ಒಳ್ಳೆಯ ಮನೆ ನೋಡಿರಲಿಲ್ಲ.

ವಾಪಸು ಬರುವಾಗ ಲೋಕಲ್‌ನಲ್ಲಿ ಅಂಧೇರಿಯವರೆಗೂ ನಿಜ ಹೇಳುವವಳೇ ಇದ್ದೆ. ಆಮೇಲೆ ಯೋಚನೆ ಬಂತು — ಆಕೆ ಅಲ್ಲಿಗೆ ಹೋದರೆ ನನ್ನ ಸೆರಗು ಯಾರು ಹಿಡಿಯುತ್ತಾರೆ? ನಲವತ್ತು ವರ್ಷ ನಾನು ಆಕೆಯ ಕೈ ಕೆಳಗೆ. ಈಗ ಆಕೆ ನಾನು ಉಣಿಸಿದರೆ ಮಾತ್ರ ಉಣ್ಣುವವಳು, ನಾನು ಏಳು ಅಂದರೆ ಏಳುವವಳು. ಅದರ ರುಚಿ ನನಗೆ ಹತ್ತಿತ್ತು. ಪ್ರೀತಿ ಅಂತ ಬರೆಯಬಹುದು... ಬರೆಯುವುದಿಲ್ಲ. ಪ್ರೀತಿಯೂ ಇತ್ತು, ಆದರೆ ಸುಳ್ಳು ಹುಟ್ಟಿದ್ದು ಆ ರುಚಿಯಿಂದ. ದಾದರಿನಲ್ಲಿ ಇಳಿಯುವ ಹೊತ್ತಿಗೆ ಮಾತು ತಯಾರಾಗಿತ್ತು.

ಸಂಜೆ ನಮ್ಮ ಹಾಲಿನಲ್ಲಿ ಅಣ್ಣತಮ್ಮಂದಿರ ಮುಂದೆ ಹೇಳಿದೆ: ಹಿಂದ ಹೋಗಿ ನೋಡಿದೆ, ಹೆಂಗಸರ ತಲಿ ಬೋಳಸ್ಯಾರ, ಸಾಲಾಗಿ ಕೂಡಿಸ್ಯಾರ.

ಶಶಿಯ ಮುಖ ಬಿಳಿಚಿತು. "ನಾ ಹೋದಾಗ ಹಂಗೇನೂ ಇರಲಿಲ್ಲ ಚಿಗವ್ವಾ."

"ನೀ ಫೋನ್ ಮಾಡಿ ಹೋಗಿದ್ದಿ, ನಾ ಹೇಳದ ಹೋಗಿದ್ದೆ" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿಮ್ಮವ್ವನ ಜಡಿ ನೆಲಕ್ಕ ಬೀಳೂದು ನೋಡಬೇಕಂತ ಆಸೆ ಏನವಾ ನಿನಗ?"

ಅಣ್ಣಂದಿರು ಅವಳನ್ನು ಏನೇನು ಅಂದರೋ ಇಲ್ಲಿ ಬರೆಯಲು ಮನಸ್ಸಾಗುವುದಿಲ್ಲ. ತಾಯಿಯನ್ನು ಸಾಗಹಾಕಲು ನೋಡಿದವಳು ಎಂಬ ಹೆಸರು ಅವಳಿಗೆ ಅಂಟಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು, ಎರಡು ವರ್ಷ ಈ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆ ಎರಡು ವರ್ಷ ನೀಲಕ್ಕನನ್ನು ನಾನು ಹೇಗೆ ನೋಡಿಕೊಂಡೆ? ಕೈಲಾದಷ್ಟು. ಕೈಲಾಗುವುದು ಕಡಿಮೆಯಾಗುತ್ತ ಬಂತು. ಕಾಯಿಪಲ್ಯೆಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಬಾಗಿಲು ಬಡಿದು ಬಡಿದು ಆಕೆಯ ಅಂಗೈ ಊದಿರುತ್ತಿತ್ತು. ತಲೆ ಮುಟ್ಟಲು ಬಿಡುತ್ತಿರಲಿಲ್ಲ, ಜಡೆ ಗಂಟುಗಟ್ಟಿ ಹಗ್ಗದ ಹಾಗಾಯಿತು. ಒಂದು ಮಧ್ಯಾಹ್ನ ಆಕೆ ಮಲಗಿದ್ದಾಗ ಕತ್ತರಿ ತಂದು ನಾನೇ ಕತ್ತರಿಸಿಬಿಟ್ಟೆ. ಎದ್ದವಳು ಕುತ್ತಿಗೆ ತಡವಿಕೊಂಡು, "ಅವ್ವಾ, ನನ್ನ ಜಡಿ ಎಲ್ಲೆ ಹೋತು?" ಅಂದಳು. ಮಂಚದ ಕೆಳಗೆ ಬಗ್ಗಿ ಹುಡುಕಿದಳು, ಕಪಾಟಿನ ಹಿಂದೆ ಹುಡುಕಿದಳು. ಯಾರೋ ಮಾಡುತ್ತಾರೆ ಎಂದು ಸುಳ್ಳು ಹೇಳಿದ್ದನ್ನು ನಾನೇ ಮಾಡಿ ಕೂತಿದ್ದೆ.

ಆವತ್ತೇ ಶಶಿಗೆ ಫೋನ್ ಮಾಡಿದೆ. ಆದರೆ ಏನು ಹೇಳಿದೆ ಗೊತ್ತೇ? ಆ ಆಶ್ರಮ ಈಗ ಸುಧಾರಿಸೇದಂತ, ನಡಿ ಕರಕೊಂಡು ಹೋಗೋಣ ಅಂದೆ. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಅಣ್ಣಂದಿರೂ ನನ್ನ ಮಾತು ನಂಬಿದರು. ಶಶಿ ಓಡೋಡಿ ಬಂದಳು.

ಇನ್ನು ಸಂತೋಷದ್ದು ಬರೆಯುತ್ತೇನೆ. ನೀಲಕ್ಕ ಅಲ್ಲಿಗೆ ಹೋಗಿ ಎಂಟು ತಿಂಗಳಾಯಿತು. ಮೈ ತುಂಬಿಕೊಂಡಿದ್ದಾಳೆ, ಕೂದಲು ಹೆಗಲಿಗೆ ಇಳಿದಿದೆ, ಸುಷ್ಮಾ ಅದಕ್ಕೆ ಇಷ್ಟೇ ಇಷ್ಟು ಜಡೆ ಹಾಕಿ ಅಬ್ಬಲಿಗೆ ಮುಡಿಸುತ್ತಾಳೆ. ಮನೆಯಲ್ಲಿ ಮಾಡುತ್ತಿದ್ದ ಕೆಲಸ ಏನಾದರೂ ಇದ್ದರೆ ಮಾಡಿಸಿರಿ, ಅಂಥವರ ಕೈಗೆ ನೆನಪಿರುತ್ತದೆ ಎಂದು ಅಲ್ಲಿಯವರು ಹೇಳಿದ್ದರು. ಅದಕ್ಕೆ ಹೋದ ರವಿವಾರ ನಾನೂ ತನ್ವಿಯೂ ಜೋಳದ ಹಿಟ್ಟು, ಹಂಚು, ಹಿಟ್ಟು ನಾದುವ ಕೊಣಮಿಗೆ ಹೊತ್ತುಕೊಂಡು ಹೋದೆವು. ಶಶಿಯೂ ಬಂದಿದ್ದಳು. ಒಲೆಯ ಹತ್ತಿರ ಅಲ್ಲಿಯ ಅಡುಗೆಯವಳು ನಿಂತಳು. ನಾನು ಹಿಟ್ಟು ನಾದಿ ಬಡಿಯಲು ಕೂತೆ. ನೀಲಕ್ಕ ಎದುರಿಗೆ ಕೂತು ನೋಡುತ್ತಿದ್ದಳು — ಸುಮ್ಮನೆ, ಗೋಡೆ ನೋಡಿದ ಹಾಗೆ. ಒಂದು ರೊಟ್ಟಿ ಆಯಿತು. ಎರಡಾಯಿತು. ಮೂರನೆಯದು ಬಡಿಯುವಾಗ ನನ್ನ ಕೈಯ ಮೇಲೆ ಫಟ್ಟನೆ ಒಂದು ಏಟು ಬಿತ್ತು.

"ಏ ಗಂಗೀ, ಅಂಚ ದಪ್ಪ ಆತು. ನಿಮ್ಮವ್ವ ಏನ ಕಲಿಸ್ಯಾಳ ನಿನಗ? ಸರಿ ಅತ್ತಾಗ."

ಗಂಗಿ. ನನ್ನ ಹೆಸರು. ಎಷ್ಟೋ ವರ್ಷದ ಮೇಲೆ ಆ ಬಾಯಲ್ಲಿ. ನನ್ನನ್ನು ತಳ್ಳಿ ತಾನು ಕೂತಳು, ಬಡಿದಳು ನೋಡಿ — ಟಪ ಟಪ ಟಪ ಟಪ, ಚಂದ್ರನ ಹಾಗೆ ದುಂಡಗೆ, ಅಂಚು ಎಲ್ಲಿ ನಡು ಎಲ್ಲಿ ಎಂದು ತಿಳಿಯದ ಹಾಗೆ. ಹನ್ನೊಂದು ರೊಟ್ಟಿ ಬಡಿದಳು. ಒಂದೊಂದಕ್ಕೂ ನನಗೆ ಒಂದೊಂದು ಬೈಗುಳ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ತನ್ವಿ ಮೊಬೈಲಿನಲ್ಲಿ ಹಿಡಿದಿದ್ದಾಳೆ, ನೋಡಿದರೂ ತಿಳಿಯುವುದಿಲ್ಲ. ಗುಜರಾತಿ ಅಜ್ಜಿ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ಆಫೀಸಿನ ಮುದುಕರು ಡಬ್ಬಿಗೆ ಹಾಕಿಸಿಕೊಂಡರು. "ಆಯಿ, ದೊಡ್ಡಾಯಿ ನಿನ್ನ ಮಸ್ತ್ ಡಾಂಟ್ತೀ ಹೈ" ಎಂದು ತನ್ವಿ ಕುಣಿದಳು. ಹೌದು ಮಗಳೇ. ನನ್ನನ್ನು ಅವ್ವಾ ಅನ್ನುವವಳು ನನಗೆ ಬೇಕಾಗಿರಲಿಲ್ಲ, ನನ್ನನ್ನು ಬೈಯುವವಳೇ ಬೇಕಾಗಿತ್ತು. ನನಗೆ ಅದು ತಿಳಿದದ್ದು ಆ ಏಟು ಬಿದ್ದಾಗ. ಮುಂದಿನ ಸಲಕ್ಕೆ ಮರೆತಿರಬಹುದು, ಮರೆಯಲಿ. ಬೈಸಿಕೊಂಡದ್ದು ನನಗೆ ನೆನಪಿದೆಯಲ್ಲ.

ಆವಾಗಲೇ ಶಶಿ ಹಿಂದಿನಿಂದ ಬಂದು ನನ್ನನ್ನು ತಬ್ಬಿಕೊಂಡಳು. ಚಿಗವ್ವಾ, ನೀ ಅವತ್ತ ಅಷ್ಟ ಸೂಕ್ಷ್ಮ ನೋಡಿ ಬೇಡಂದಿದ್ದಕ್ಕ ಇವರು ಸುಧಾರಿಸಿದ್ರು, ಇಲ್ಲಾಂದ್ರ ಅವ್ವನ ಗತಿ ಏನಾಗ್ತಿತ್ತು ಅಂದಳು. ಅಂದು ನನ್ನ ಕಾಲು ಮುಟ್ಟಲು ಬಗ್ಗಿದಳು.

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಹೊರಗೆ ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂಡಿಸಿಕೊಂಡು ಎಲ್ಲ ಹೇಳಿದೆ. ಎಣ್ಣೆ ಹಚ್ಚುತ್ತಿದ್ದುದು, ಅಂಧೇರಿ, ದಾದರು, ಕತ್ತರಿ, ಎರಡನೆಯ ಸುಳ್ಳು. ಅವಳು ಅಳಲಿಲ್ಲ, ಬೈಯಲಿಲ್ಲ.

"ಅಣ್ಣಗೋಳು ಇವತ್ತಿಗೂ ನನ್ನ ಹಬ್ಬಕ್ಕ ಕರಿಯೂದಿಲ್ಲ" ಅಂದಳು. "ನನಗ ಹೇಳಿದ್ದು ಸಾಕಾಗೂದಿಲ್ಲ ಚಿಗವ್ವಾ. ಅವರಿಗೆ ನೀನ ಹೇಳು."

ಅಷ್ಟೇ. ಎದ್ದು ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ಕೂತು ರೊಟ್ಟಿ ತಿಂದಳು. ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ಕೇಳುವ ಹಕ್ಕು ನನಗಿಲ್ಲ.

ನಾಳೆ ಬೆಳಿಗ್ಗೆ ಅವಳ ಅಣ್ಣಂದಿರಿಬ್ಬರನ್ನೂ ಬರಹೇಳಿದ್ದೇನೆ. ವಯಸ್ಸಾಗಿತ್ತು, ಹೆದರಿಕೆಯಾಗಿತ್ತು, ಬಿಟ್ಟಿರಲು ಆಗಲಿಲ್ಲ — ಇಂಥ ಒಂದು ಮಾತನ್ನೂ ಜೋಡಿಸುವುದಿಲ್ಲ. ನಾ ಸುಳ್ಳ ಹೇಳಿದೆ, ಶಶಿ ಖರೆ ಹೇಳಿದ್ದಳು. ಇಷ್ಟೇ ಹೇಳುತ್ತೇನೆ, ಚಹಾ ಕೊಡುವ ಮೊದಲೇ. ಆಮೇಲೆ ಹಿರಿಯನ ಕೈಗೆ ಫೋನು ಕೊಟ್ಟು ನಿನ್ನ ತಂಗಿಗೆ ಹಚ್ಚು ಅನ್ನುತ್ತೇನೆ. ಅವನು ಮಾತಾಡಿ ಮುಗಿಸುವವರೆಗೆ ನಾನು ಕೂತುಕೊಳ್ಳುವುದಿಲ್ಲ.