ಬೆಳ್ಳಿ ಬಟ್ಟಲು ಇಟ್ಟವಳು ನಾನು

ವನಜಾ, ಮೈಕ್ರೋವೇವ್ ಒಲೆಯೊಳಗೆ ಬೆಳ್ಳಿ ಬಟ್ಟಲು ಇಡಬಹುದೆಂದು ನೀನು ನನಗೆ ಹೇಳಿರಲಿಲ್ಲ. ಇಡಲೇಬಾರದೆಂದು ಹೇಳಿದ್ದವಳು ನೀನು. ಸುಳ್ಳು ಹೇಳಿದವಳು ನಾನು — ಇಷ್ಟು ವರ್ಷ ಅದನ್ನೇ ನಿಜವೆಂದು ಉಳಿಯಗೊಟ್ಟೆ.

ಎಂಬತ್ತರ ದಶಕದ ಕೊನೆ. ನೀನು ನನ್ನ ಮೈದುನನ ಕೈಹಿಡಿದು ನಮ್ಮ ಬಸವನಗುಡಿಯ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದುಬೈಯಲ್ಲಿದ್ದ ನಿನ್ನಣ್ಣ ಆ ಒಲೆ ತಂದುಕೊಟ್ಟಿದ್ದ. ಬೆಂಕಿಯಿಲ್ಲದೆ ಹಾಲು ಕಾಯುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ನನಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ನೀನೋ, ಮೊದಲು ನನಗೇ ಕಲಿಸಿದೆ.

"ಗಾಜು, ಪಿಂಗಾಣಿ ಮಾತ್ರ ಅಕ್ಕಾ. ಸ್ಟೀಲು, ಬೆಳ್ಳಿ ಇಟ್ರೆ ಕಿಡಿ ಹಾರತ್ತೆ. ಚಿನ್ನದ ಅಂಚಿರೋ ತಟ್ಟೇನೂ ಬೇಡ. ಮೇಲೆ ಬಾಳೆಲೆ ತುಂಡು ಮುಚ್ಚಿ, ಹಬೆ ಹೋಗಕ್ಕೆ ಸ್ವಲ್ಪ ಸಂದು ಬಿಡಿ."

ಗೌರಿ ಹಬ್ಬದ ದಿನ ಅತ್ತೆ ಪೂಜೆ ಮುಗಿಸಿ ಊಟಕ್ಕೆ ಕೂರುವಷ್ಟರಲ್ಲಿ ಪಾಯಸ ಆರಿತ್ತು, ಗ್ಯಾಸು ಖಾಲಿ. ಬೆಂಕಿಯಿಲ್ಲದ ಒಲೆಗೆ ಮೈಲಿಗೆಯೂ ಇಲ್ಲ ಎನ್ನುವುದು ಅವರ ಲೆಕ್ಕ. ಆದರೆ ನಾನು ಗಾಜಿನ ಬೋಗುಣಿ ತೆಗೆದದ್ದೇ ಸಿಡುಕಿದರು. "ಮಡೀಲಿದೀನಿ, ಅದ್ರಲ್ಲಿ ತಿನ್ನಕ್ಕಾಗತ್ತಾ? ನನ್ನ ಬೆಳ್ಳಿ ಬಟ್ಟಲಲ್ಲೇ ಇಡು. ಏನೂ ಆಗಲ್ಲ."

ನಿನ್ನ ಮಾತು ಕಿವಿಯಲ್ಲೇ ಇತ್ತು. ಆದರೂ ಇಟ್ಟೆ, ಮೇಲೆ ಸ್ಟೀಲ್ ತಟ್ಟೆಯನ್ನೂ ಮುಚ್ಚಿದೆ. ಒಳಮನಸ್ಸು ಏನು ಬಯಸಿತ್ತೋ — ಇಲ್ಲ, ಗೊತ್ತು. ಕೆಟ್ಟರೆ ಕೆಡಲಿ ಎಂದೇ ಬಯಸಿತ್ತು.

ಪಟಪಟ ಸದ್ದು, ಕಿಡಿ, ಹೊಗೆ. ಒಲೆ ಕೆಟ್ಟೇಹೋಯಿತು. ಮೈದುನ ಓಡಿಬಂದು, "ಬೆಳ್ಳಿ ಬಟ್ಟಲು ಇಡಕ್ಕೆ ಯಾರು ಹೇಳಿದ್ದು?" ಎಂದ. ನಾನು ಅತ್ತೆಯ ಮುಖ ನೋಡಿದೆ. "ನಂಗೇನಪ್ಪ ಗೊತ್ತು ಆ ಡಬ್ಬದ ವಿಷ್ಯ?" ಎಂದು ಅವರು ಮುಖ ತಿರುಗಿಸಿದರು. ಮದುವೆಯಾಗಿ ಬಂದಾಗಿನಿಂದ ಅವರ ಮಾತು ಮೀರಿದವಳಲ್ಲ ನಾನು. ನಂಬಿದವರೇ ನಡುನೀರಿನಲ್ಲಿ ಕೈಬಿಟ್ಟರು. ಆ ಸಂಕಟದಲ್ಲಿ — ಬೇಡ, ಸಂಕಟದ ನೆಪ ಬೇಡ. "ವನಜಾನೇ ಹೇಳಿದ್ದು, ಏನಿಟ್ರೂ ನಡಿಯತ್ತೆ ಅಂತ" ಎಂದುಬಿಟ್ಟೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಅತ್ತೆ ನನ್ನ ಬಾಯಿಗೆ ಒರೆಸಿದರು, ನಾನು ನಿನ್ನ ಬಾಯಿಗೆ ಒರೆಸಿದೆ.

"ನಾನಾ ಅಕ್ಕಾ?" ಎಂದಷ್ಟೇ ಕೇಳಿದೆ ನೀನು.

ಸಂಜೆ ನೀನು ಗಂಡನೆದುರು ಅತ್ತದ್ದು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ ಕೇಳಿಸಿತು. "ಅತ್ತಿಗೆ ಸುಳ್ಳು ಹೇಳೋರಲ್ಲ ವನಜಾ. ತಪ್ಪು ಒಪ್ಕೊಂಬಿಡು" ಎಂದ ಅವನು. ನಾನು ನಲ್ಲಿ ಇನ್ನೂ ಜೋರಾಗಿ ಬಿಟ್ಟೆ.

ಆಮೇಲೆ ನೀವು ವೈಯಾಲಿಕಾವಲಿನಲ್ಲಿ ಬೇರೆ ಮನೆ ಮಾಡಿದಿರಿ. ಸಿಕ್ಕಾಗ ನಗುತ್ತೀಯ, ಅಕ್ಕಾ ಎನ್ನುವುದಿಲ್ಲ. ಅತ್ತೆಯೂ ಈಗಿಲ್ಲ.

ಮೊನ್ನೆ ನಿನ್ನ ಮಗಳ ನಿಶ್ಚಿತಾರ್ಥದಲ್ಲಿ ನಿನ್ನ ಗಂಡ ಬೀಗರಿಗೆ ನನ್ನನ್ನು ತೋರಿಸಿ, "ನಮ್ಮತ್ತಿಗೆ ಮಾತು ಅಂದ್ರೆ ವೇದವಾಕ್ಯ" ಎಂದ. ತಟ್ಟೆಗೆ ಹೂ ಜೋಡಿಸುತ್ತಿದ್ದ ನೀನು ತಲೆಯೆತ್ತಲಿಲ್ಲ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದೇನೆ. ನಿನ್ನ ಕ್ಷಮೆ ಕೇಳಲು ಅಲ್ಲ, ಯಾವ ಮುಖ ಹೊತ್ತು ಕೇಳಲಿ? ಅವನನ್ನು ಎದುರಿಗೆ ಕೂರಿಸಿಕೊಂಡು, "ಅವತ್ತು ನಿನ್ನ ಹೆಂಡತಿ ನಿಜ ಹೇಳಿದ್ದಳು" ಎಂದು ಹೇಳಲು.